ಇಟಲಿ ಉಂಡಿ, ಗಾವಟಿ ಕೋಳಿ

ಏನ್ರೀ ವೈನಿ, ಈ ಥಂಡ್ಯಾಗ ಬೇಲಿ ಹತ್ರ ನಿಂತೀರಿ? ವಾಸನಿ ಬಂತೇನು? ಕೋಳೀನೇರಿ. ಮಗಳು ಪುಣೆಯಿಂದ ಬಂದಾಳಲ್ಲ, ಅಕೀದೇ ಹಟ. ನ್ಯೋಕಿ ಅಂತ. ಇಟಲಿಯವರ ಬಟಾಟಿ ಉಂಡಿ. ಕೋಳಿ ಜೋಡಿ ಓವನ್ನಾಗ ಇಟ್ಟು ಕೆಂಪಗ ಮಾಡೂದು.

ನಗಬ್ಯಾಡ್ರೀ. ಉಂಡಿ ತಿನ್ನಾಕ ಇಟಲಿಗ್ಯಾಕ ಹೋಗಬೇಕು ಅಂತೀರಿ, ಖರೇನ ಐತಿ. ಮಂಗಳೂರು ಕಡೆ ಬ್ಯಾರಿಗಳು ಅಕ್ಕಿಹಿಟ್ಟಿನ ಸಣ್ಣ ಸಣ್ಣ ಪಿಂಡಿ ಮಾಡಿ ಕೋಳಿ ಮಸಾಲಿಯೊಳಗ ನೆನೆಸ್ತಾರ. ಕೊಡಗಿನವರಿಗೆ ಕಡಂಬಿಟ್ಟು ಐತಿ. ಇಟಲಿಯವರಿಗೂ ಬಟಾಟಿ ತಮ್ಮ ನೆಲದ್ದಲ್ಲ, ಅಮೆರಿಕಾದಿಂದ ಹಡಗು ಹತ್ತಿ ಬಂತು. ಅದಕ್ಕಿಂತ ಮೊದಲ ರವೆ, ಬ್ರೆಡ್ಡಿನ ಪುಡಿ ಇವನ್ನ ಉಂಡಿ ಕಟ್ಟತಿದ್ರು.

ಗುಟ್ಟು ಏನಿಲ್ರೀ, ನೀರು ಸೇರಬಾರದು, ಅಷ್ಟ. ಬಟಾಟಿ ಸಿಪ್ಪಿ ಸಮೇತ ಕುದಸ್ರಿ. ಸುಲಿದು ಹಾಕಿದ್ರ ನೀರು ಕುಡೀತಾವ, ಆಮ್ಯಾಲ ಹಿಟ್ಟು ಹೆಚ್ಚು ಬೇಡತಾವ, ಹಿಟ್ಟು ಹೆಚ್ಚಾತೂ ಅಂದ್ರ ಉಂಡಿ ರಬ್ಬರ್ ಆಕ್ಕಾವ. ಬಿಸಿ ಇದ್ದಾಗನ ಹಿಸುಕಿ, ಹಬಿ ಹೋಗಾಕ ಬಿಡ್ರಿ. 1 ಕಿಲೋಗೆ ಪಾವು ಕಿಲೋ ಮೈದಾ ಸಾಕು. ಚಪಾತಿ ಹಿಟ್ಟಿನಂಗ ಗುದ್ದಬ್ಯಾಡ್ರೀ, ಕೂಡಿತು ಅಂದ್ರ ಕೈ ತಗೀರಿ. ಕುದಿಯೋ ನೀರಾಗ ಬಿಟ್ರ ಮೊದಲ ತಳ ಸೇರ್ತಾವ, ಬೆಂದ ಮ್ಯಾಲ ತಾವ ತೇಲ್ತಾವ. ಗಡಿಯಾರ ನೋಡೂದ ಬ್ಯಾಡ.

ಕೋಳಿ? ನಮ್ಮದು ಗಾವಟಿರೀ, ಜಲ್ದಿ ಮಣಿಯೂದಿಲ್ಲ. ಅದಕ್ಕ ಮೊದಲ ಕುಕ್ಕರಿನಾಗ ಮೆತ್ತಗ ಮಾಡ್ಕೊಂಡೇನಿ. ಎಲುಬು ಬಿಡಿಸಿ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಹುರಿದು, ಬೆಣ್ಣಿ, ಮೈದಾ, ಹಾಲಿನ ಬಿಳಿ ಸಾಸಿನಾಗ ಉಂಡಿ ಜೋಡಿ ಕಲಸೂದು. ಕುಕ್ಕರಿನ ರಸಾನೂ ಒಂದಿಷ್ಟು ಸುರೀರಿ, ರುಚಿ ಎಲ್ಲಾ ಅದರಾಗ ಐತಿ. ಮ್ಯಾಲ ಚೀಸ್ ತುರಿದು, 200 ಡಿಗ್ರಿಯೊಳಗ 20 ನಿಮಿಷ. ಎಲ್ಲಾ ಮೊದಲ ಬೆಂದಿರತೈತಿ, ಓವನ್ನಿಗೆ ಬರೇ ಬಣ್ಣ ಹಚ್ಚೂ ಕೆಲಸ.

ಕರೆಂಟು ಹೋದ್ರ ಅಂತೀರೇನು? ಅದೂ ಒಂದು ಚಂದರೀ! 101 ಮೀಟರ್ ಎತ್ತರದ ಸೂಪಾ ಡ್ಯಾಮ್ ನಮ್ಮ ತಲಿ ಮ್ಯಾಲ, 100 ಮೆಗಾವ್ಯಾಟ್ ತಯಾರ್ ಮಾಡೂ ಯಂತ್ರ ಅದರ ಬುಡದಾಗ. ಹಂಗಿದ್ದೂ ಲೈನಿನ ಮ್ಯಾಲೊಂದು ಟೊಂಗಿ ಬಿದ್ರ ನಮಗ ಮೇಣಬತ್ತಿನೇ ಗತಿ. ಹೋದ್ರ ಹೋಗ್ಲಿ. ಘಟ್ಟದ ಕೆಳಗ ಗೋವಾದವರು ಬೆಬಿಂಕಾ ಹೆಂಗ ಮಾಡ್ತಿದ್ರು? ಮ್ಯಾಲಿಂದ ಕೆಂಡದ ಕಾವು ಕೊಟ್ಟು, ಪದರಿನ ಮ್ಯಾಲ ಪದರು. ನಾವೂ ದಪ್ಪ ಮುಚ್ಚಳದ ಮ್ಯಾಲ ಕೆಂಡ ಹರಡೂಣು.

ಏನಂದ್ರಿ, ಬಟಾಟಿ ಬದಲಿ ಕೋನ? ಜೋಯಿಡಾದ ಗೆಡ್ಡೆ-ಗೆಣಸು ಮೇಳದಾಗ ಕುಣಬಿ ಬಾಯಾರ ಹತ್ರ ತಗೊಂಡ್ರೆಲ್ಲ, ಅದೇನು? ಆದೀತ್ರೀ, ನೋಡೇ ಬಿಡೂಣು. ಮುಡ್ಲಿ ಮಾತ್ರ ಬ್ಯಾಡ, ಕೈಗೆ ಅಂಟಕೋತೈತಿ. ಗೆಣಸು ಸಿಹಿ, ಮ್ಯಾಲಾಗಿ ನೀರು.

ಹಂಗಾದ್ರ ಒಪ್ಪಂದ: ಕೋನ ನಿಮ್ಮದು, ಚೀಸ್ ನಂದು. ಕೋಳಿ ಯಾರದಂತ ಕೇಳಬ್ಯಾಡ್ರೀ. ನಿಮ್ಮ ಹುಂಜ ನಮ್ಮ ಹರಿವೆ ಮಡಿ ಕೆದರಿ ಕೆದರಿ ಆಗಲೇ ಅರ್ಧ ರೊಕ್ಕ ಮುಟ್ಟಿಸೈತಿ.