ಸ್ಪ್ರೇ ಕಾಕಾ

ಮೂಡಲಗಿ ಕಡೆಯ ಯಾವ ಓಣಿಗೆ ಹೋದರೂ ಒಬ್ಬ ಸ್ಪ್ರೇ ಕಾಕಾ ಸಿಗುತ್ತಾರೆ. ನೌಕರಿಯಿಂದ ನಿವೃತ್ತರು, ಸಕ್ಕರೆ ಬಿಟ್ಟವರು, ಹೊತ್ತು ಹೋಗದವರು. ಪುಣೆಯ ಮಗ ಕಲ್ಲಿನ ಮೈ ಕೊಡುವ ಸ್ಪ್ರೇ ಡಬ್ಬಿಯೊಂದನ್ನು ತಂದುಕೊಟ್ಟಿರುತ್ತಾನೆ. ಅಂದಿನಿಂದ ಆ ಮನೆಯಲ್ಲಿ ಪ್ಲಾಸ್ಟಿಕ್ ನಿರ್ನಾಮ. ಹೂವಿನ ಕುಂಡ ಗ್ರಾನೈಟು, ನೀರಿನ ಡ್ರಮ್ಮು ಗ್ರಾನೈಟು, ಕಸದ ಬಕೆಟ್ಟೂ ಗ್ರಾನೈಟು.

ಹಾಗಂತ ಅವರ ವಿದ್ಯೆಯನ್ನು ಹಗುರ ಮಾಡಬೇಡಿ. "ಪುಸಕ್ ಅಂತ ಹೊಡದ್ರ ಕಲ್ಲ ಆಗೂದಿಲ್ಲೋ ತಮ್ಮಾ" ಎಂದು ಪಾಠ ಶುರು. ಹೊಳಪು ಹೋಗುವ ತನಕ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ಧೂಳು ಒರೆಸಿ ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರು, ಅದೂ ಕಲ್ಲಿನ ಬಣ್ಣಕ್ಕೆ ಹತ್ತಿರದ್ದು. ಇಲ್ಲದಿದ್ದರೆ ಚುಕ್ಕಿಗಳ ಸಂದಿಯಿಂದ ಬಕೆಟ್ಟಿನ ಕೆಂಪು ಇಣುಕುತ್ತದೆ. ಒಳಗಿನ ಗುಂಡು ಕಟಕಟ ಅಂದ ಮೇಲೂ ಡಬ್ಬಿಯನ್ನು ಇನ್ನೆರಡು ನಿಮಿಷ ಅಲ್ಲಾಡಿಸಬೇಕು. ಗೇಣು ದೂರದಿಂದ, ಕೈ ಒಂದೇ ಕಡೆ ನಿಲ್ಲಿಸದೆ, ತೆಳ್ಳಗೆ ಎರಡು ಮೂರು ಸಲ. ಪ್ರತಿ ಸಲವೂ ಒಣಗಲು ಬಿಡಬೇಕು. ಕಡೆಗೆ ಹೊಳಪಿಲ್ಲದ ವಾರ್ನಿಶ್ಶು, ಇಲ್ಲವಾದರೆ ಹರಳು ಉದುರುತ್ತವೆ. ಗೋಕಾಕದ ಬಸ್ಸಿಗೆ ಐದು ನಿಮಿಷ ಕಾಯದೆ ಕಂಟ್ರೋಲರ್ ಜೊತೆ ಜಗಳ ತೆಗೆಯುವ ಮನುಷ್ಯ, ಕುಂಡ ಒಣಗಲು ತಾಸುಗಟ್ಟಲೆ ಕೂಡುತ್ತಾರೆ!

ಯಾರಾದರೂ ನಕ್ಕರೆ ಉತ್ತರ ಸಿದ್ಧ. "ಗೋಕಾಕ ಗೊಂಬೀ ಮಾಡಾವ್ರು ಕಟ್ಟಿಗೀಗೆ ಬಣ್ಣಾ ಹಚ್ಚಿ ಬಾಳೆಹಣ್ಣ ಮಾಡ್ತಾರ. ಅದು ಕಲಾ. ನಾ ಬಕೆಟ್ಟಿಗೆ ಹಚ್ಚಿದ್ರ ಹುಚ್ಚ?"

"ಅವರು ಕಲಿತ ಮಾಡ್ತಾರ್ರಿ" ಎನ್ನುತ್ತಾರೆ ಒಳಗಿನಿಂದ ಕಾಕು.

ಈ ಗೀಳು ಮರೆಸಲು ಗೋಕಾಕ ಫಾಲ್ಸಿಗೂ ಕರೆದೊಯ್ದು ನೋಡಿದರು ಮಕ್ಕಳು. ಘಟಪ್ರಭೆ ಸುಮಾರು 52 ಮೀಟರ್ ಎತ್ತರದ ಮರಳುಗಲ್ಲಿನ ಬಂಡೆಯಿಂದ ಬೀಳುತ್ತಾಳೆ; ಮಂದಿ ನೀರು ನೋಡಿದರು, ಕಾಕಾ ಬಂಡೆ ನೋಡಿದರು. "ಟೆಕ್ಸ್ಚರ್ ಚೊಲೋ ಐತಿ. ಶೇಡ್ ಸ್ವಲ್ಪ ಡಲ್ಲ."

ಅಮೆರಿಕದ ಎಡ್ವರ್ಡ್ ಸೇಮೋರ್ 1949ರಲ್ಲಿ ಬಣ್ಣವನ್ನು ಡಬ್ಬಿಗೆ ತುಂಬಿ ಸ್ಪ್ರೇ ಮಾಡಿದ್ದು ಹೆಂಡತಿ ಕೊಟ್ಟ ಸಲಹೆಯಿಂದ. ಇದನ್ನು ಮೊಮ್ಮಗಳು ಓದಿ ಹೇಳಿದಾಗ ಕಾಕಾಗೆ ಎಲ್ಲಿಲ್ಲದ ಹಿಗ್ಗು. ಕಾಕು ಕೂಡಲೇ ತಮ್ಮ ಸಲಹೆಯನ್ನೂ ಕೊಟ್ಟರು: "ನಾಳೆಯಿಂದ ಡಬ್ಬಿ ಮುಟ್ಟಬ್ಯಾಡ್ರಿ." ಚರಿತ್ರೆ ಎರಡನೇ ಸಲ ನಡೆಯಲಿಲ್ಲ.

ಕಾಕು ಪೂರಾ ಬಾಯಿ ಬಿಟ್ಟದ್ದು ಹಿತ್ತಲಲ್ಲಿದ್ದ ಅತ್ತೆಯ ಕಾಲದ ಬೀಸುಕಲ್ಲಿನ ಮೇಲೂ ಸ್ಪ್ರೇ ಬಿದ್ದ ದಿನ. ಅಸಲಿ ಕಲ್ಲಿಗೆ ಕಲ್ಲಿನ ಬಣ್ಣ! ಕಾಕಾಗೆ ಅರ್ಥವಾಗಲೇ ಇಲ್ಲ. "ಅಲ್ಲs, ಎಲ್ಲಾದ್ರ ನಡುವ ಅದೊಂದs ಕಲ್ಲಿನಂಗ ಕಾಣತಿರಲಿಲ್ಲ."

ಈ ಬಣ್ಣ ಕಾಳು ಬೀಸುವ ಕಲ್ಲಿಗೆ ಅಲ್ಲವೇ ಅಲ್ಲ. ಹರಳು ಉದುರಿದರೆ ನೆಟ್ಟಗೆ ಹಿಟ್ಟಿಗೇ ಬೀಳುತ್ತವೆ. ನಿಮ್ಮ ಓಣಿಯ ಕಾಕಾ ಡಬ್ಬಿ ಅಲ್ಲಾಡಿಸುವ ಸಪ್ಪಳ ಕೇಳಿದರೆ ಮೊದಲು ಒಳಕಲ್ಲು, ಬೀಸುಕಲ್ಲು ಒಳಗೆ ಎತ್ತಿಡಿರಿ.