ಹಾಕಿದ್ದು ತಗದಂಗ, ತಗದದ್ದು ಹಾಕಿದಂಗ

ಚಾಲೂ ಇರುವ ಯಂತ್ರದಿಂದ ಯಾರಾದರೂ ಪಿಸಿಐ ಎಕ್ಸ್‌ಪ್ರೆಸ್ ಸಾಧನವೊಂದನ್ನು ಕಿತ್ತುಕೊಂಡರೆ, ಅಥವಾ ಹೊಸದನ್ನು ತಂದು ಸಿಕ್ಕಿಸಿದರೆ, ಆ ಪೇಚನ್ನು ನಿಭಾಯಿಸಲೆಂದೇ ಲಿನಕ್ಸ್ ಕರ್ನಲ್‌ನಲ್ಲಿ ಪಿಸಿಐಇಎಚ್‌ಪಿ ಎಂಬ ಡ್ರೈವರ್ ಇದೆ. ಅದರ ಕೋಡನ್ನು ಮೇಲಿಂದ ಕೆಳಕ್ಕೆ ಒಮ್ಮೆ ಸರ್ರನೆ ಜಾರಿಸಿ ನೋಡಿ ನಾನೊಂದು ತೀರ್ಮಾನಕ್ಕೆ ಬಂದೆ: ಬರೆದವರಿಗೆ ವಿಪರೀತ ಪುರುಸೊತ್ತಿತ್ತು. ಬಂದರೆ ಬಂತು, ಹೋದರೆ ಹೋಯಿತು. ಇದಕ್ಕೆ ಇಷ್ಟುದ್ದ ಪುರಾಣವೇ?

ಆಗ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಸ್ಟೋರೇಜ್ ಪೆಟ್ಟಿಗೆಗಳಿಗೆ ಡ್ರೈವರ್ ಬರೆಯುತ್ತಿದ್ದೆ. ಪೆಟ್ಟಿಗೆಯ ಮುಂಭಾಗದಲ್ಲಿ 24 ಗೂಡು, ಗೂಡಿಗೊಂದು ಎನ್‌ವಿಎಂಇ ಡಿಸ್ಕ್. ಒಂದು ಕೆಟ್ಟರೆ ಯಂತ್ರ ನಿಲ್ಲಿಸದೆ ಅದನ್ನೆಳೆದು ಇನ್ನೊಂದು ಹಾಕಬೇಕು. ಎಳೆದಾಗ, ಹಾಕಿದಾಗ ಹಾರ್ಡ್‌ವೇರ್ ಇಂಟರಪ್ಟ್ ಕೊಟ್ಟು ಕೂಗುತ್ತದೆ; ಡ್ರೈವರ್ ಎದ್ದು ವಿಚಾರಿಸಬೇಕು. ವಿಚಾರಿಸುವುದಕ್ಕೆ ನಾನು ಮೂರು ಸಾಲು ಬರೆದೆ. ಮೂರೇ ಸಾಲು ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡೆ ಕೂಡ.

ಸ್ಲಾಟ್‌ನ ಸ್ಟೇಟಸ್ ರಿಜಿಸ್ಟರ್‌ನಲ್ಲಿ 3ನೇ ಬಿಟ್ ‘ಇರುವಿಕೆಯಲ್ಲಿ ಬದಲಾವಣೆ ಆಯಿತು’ ಎನ್ನುತ್ತದೆ. 6ನೇ ಬಿಟ್ ‘ಈಗ ಇದೆ’ ಅಥವಾ ‘ಈಗ ಇಲ್ಲ’ ಎನ್ನುತ್ತದೆ. ನಾನು 3ನೆಯದನ್ನು ನೋಡಿದೆ, 6ನೆಯದನ್ನು ನೋಡಲಿಲ್ಲ. ಎರಡೂ ಒಂದೇ ಓದಿಗೆ ಕೈಗೆ ಬಂದಿದ್ದವು, ಆದರೂ ನೋಡಲಿಲ್ಲ. ಏಕೆಂದರೆ ನನ್ನ ಬಳಿ ತರ್ಕಶಾಸ್ತ್ರವಿತ್ತು: ಇದ್ದದ್ದು ಬದಲಾದರೆ ಇಲ್ಲ, ಇಲ್ಲದ್ದು ಬದಲಾದರೆ ಇದೆ.

ಕುಕ್ಕರ್ ಕೂಗು ಎಣಿಸಿ ಬೇಳೆ ಬೆಂದಿತೆಂದು ನಂಬುವ ಪೈಕಿ ಇದು. ಸುಂಯ್ ಎಂದು ಅರ್ಧಕ್ಕೇ ನಿಂತ ಕೂಗನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಮನೆಮನೆಯಲ್ಲೂ ಜಗಳವಿರುವಾಗ, ನಾನು ಗ್ರಾಹಕರ ದತ್ತಾಂಶವನ್ನೇ ಕೂಗಿನ ಎಣಿಕೆಗೆ ಒಪ್ಪಿಸಿದ್ದೆ. ಮೇಲಾಗಿ ಆ 3ನೇ ಬಿಟ್‌ಗೆ ಎಣಿಸುವುದೇ ಗೊತ್ತಿಲ್ಲ. ನಾವು ಅಳಿಸುವ ಮೊದಲು ಒಂದು ಸಲ ಬದಲಾದರೂ 1, ಹತ್ತು ಸಲ ಬದಲಾದರೂ 1.

ಪ್ರದರ್ಶನದ ದಿನ ಬಂದ ಗ್ರಾಹಕರು ಬಹಳ ಸಂಭಾವಿತ ಹಿರಿಯರು. ನಾನು ಲ್ಯಾಬಿನಲ್ಲಿ ಡಿಸ್ಕನ್ನು ಸರಕ್ಕನೆ ಎಳೆದು ಟಪ್ಪನೆ ತುರುಕಿಯೇ ಪರೀಕ್ಷಿಸಿದವನು. ಅವರು ಎರಡು ಬೆರಳಲ್ಲಿ ಹಿಡಿದು, ತುಸು ಎಳೆದು, “ಎಳೀಬಹುದಾ?” ಎಂದು ನನ್ನ ಮುಖ ನೋಡಿ, ಸಂಕೋಚದಿಂದ ಹಿಂದಕ್ಕೆ ತಳ್ಳಿ, ಮತ್ತೆ ಎಳೆದರು. ಅವರ ಒಂದೊಂದು ಸಂಕೋಚಕ್ಕೂ ಒಳಗಿನ ಪಿನ್ನುಗಳು ತಾಗಿ ಬಿಟ್ಟು, ಬಿಟ್ಟು ತಾಗಿ, ನನ್ನ ತರ್ಕಶಾಸ್ತ್ರ ಸರಿಯಾಗಿ ಒಂದು ಹೆಜ್ಜೆ ತಪ್ಪಿತು. ಅವರ ಅಂಗೈಯಲ್ಲಿದ್ದ ಡಿಸ್ಕ್ ಪರದೆಯ ಮೇಲೆ ಹಸಿರಾಗಿ, ಆರೋಗ್ಯವಾಗಿ ಹೊಳೆಯುತ್ತಿತ್ತು. ಗೂಡಿಗೆ ಮರಳಿಸಿದೊಡನೆ ಕೆಂಪಾಗಿ ‘ತೆಗೆಯಲಾಗಿದೆ’ ಎಂದಿತು. ಮ್ಯಾನೇಜರ್ ಕಾಫಿಗೆ ಕರೆದರು. ಅವರನ್ನು, ನನ್ನನ್ನಲ್ಲ.

ಟೆಸ್ಟಿಂಗ್ ವಿಭಾಗದ ಧಾರವಾಡದ ಮೇಡಂ ಮೂಲೆಯಲ್ಲಿ ನಿಂತು ಎಲ್ಲ ನೋಡಿದ್ದರು. “ಹಾಕಿದ್ದು ತಗದಂಗ, ತಗದದ್ದು ಹಾಕಿದಂಗ ಕಾಣಸ್ತದಲ್ರಿ ಸರ ನಿಮ್ಮ ಡ್ರೈವರ್‌ಗೆ” ಎಂದರು. ಟಿಕೆಟ್‌ಗೆ ಶೀರ್ಷಿಕೆಯೂ ಅದೇ ಆಯಿತು.

ಸರಿ, ಅಲುಗಾಟ ನಿಲ್ಲುವವರೆಗೆ ಕಾಯಬೇಕು. ಲಿನಕ್ಸ್‌ನ ಸಾಟಾ ಕೋಡ್ ಹೊಸದಾಗಿ ಸಿಕ್ಕಿಸಿದ ಡಿಸ್ಕ್‌ನ ಸಂಪರ್ಕವನ್ನು 25 ಮಿಲಿಸೆಕೆಂಡಿಗೊಮ್ಮೆ ನೋಡುತ್ತಾ, 500 ಮಿಲಿಸೆಕೆಂಡ್ ಕದಲದೆ ನಿಂತರೆ ಮಾತ್ರ ನಂಬುತ್ತದೆ. ಆ 500 ನನಗೆ ಇಷ್ಟವಾಯಿತು. ಇಂಟರಪ್ಟ್ ಹ್ಯಾಂಡ್ಲರ್ ಒಳಗೇ ಅಷ್ಟು ಹೊತ್ತು ನಿದ್ದೆ ಮಾಡೆಂದು ಬರೆದೆ. ಇಂಟರಪ್ಟ್ ಹ್ಯಾಂಡ್ಲರ್ ನಿದ್ದೆ ಮಾಡುವಂತಿಲ್ಲ, ಇದು ಈ ಕಸುಬಿನ ಅಆಇಈ. ಕರ್ನಲ್ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂದು ಕನ್ಸೋಲ್ ತುಂಬ ಬೈದುಕೊಂಡಿತು. ನಿದ್ದೆ ತಾನೇ ಬೇಡ? ಎಚ್ಚರವಿದ್ದೇ ಸುತ್ತುತ್ತಿರು ಎಂದು ತಿದ್ದಿದೆ. ಆ ಅರ್ಧ ಸೆಕೆಂಡ್ ಒಂದು ಸಿಪಿಯು ಕೋರ್ ಇಡಿಯಾಗಿ ಲೂಪ್ ಸುತ್ತುತ್ತಾ ನಿಂತು, ಅದನ್ನು ನಂಬಿದ್ದ ಕೆಲಸವೆಲ್ಲ ಹಿಂದೆ ಸಾಲುಗಟ್ಟಿತು.

“ನಿದ್ದಿ ಬ್ಯಾಡ ಅಂದ್ರ ಜಾಗರಣಿ ಮಾಡು ಅಂತಲ್ರಿ ಸರ” ಎಂದರು ಮೇಡಂ.

ಕಾಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಟ್ಟು, ಹ್ಯಾಂಡ್ಲರ್ ಅದನ್ನು ಎಬ್ಬಿಸಿ ಸುಮ್ಮನಾಗುವಂತೆ ಮಾಡಿದೆ. ಆದರೆ ಕೆಲಸವೆಲ್ಲ ಮುಗಿದ ಮೇಲೆ ಬಿಟ್ ಅಳಿಸುತ್ತಿದ್ದೆನಾದ್ದರಿಂದ, ನಡುವೆ ಬಂದ ಹೊಸ ಸುದ್ದಿಯೂ ಹಳೆಯದರ ಜೊತೆ ಗುಡಿಸಿಹೋಗುತ್ತಿತ್ತು. ಮೊದಲು ಅಳಿಸು, ಆಮೇಲೆ ನೋಡು ಎಂದು ತಿರುಗಿಸಿದೆ. ಅಳಿಸುವುದರಲ್ಲೂ ವಿಚಿತ್ರವಿದೆ: ಆ ಬಿಟ್‌ಗಳು 0 ಆಗಬೇಕಾದರೆ 1 ಬರೆಯಬೇಕು. ನಾನು ಓದಿದ ಬೆಲೆಗೆ ನನ್ನದೊಂದು 1 ಸೇರಿಸಿ ಹಾಗೇ ಮರಳಿ ಬರೆದೆ. ಅದರಲ್ಲಿ ನಾನಿನ್ನೂ ವಿಚಾರಿಸದ ಘಟನೆಗಳ 1ಗಳೂ ಇದ್ದವು, ಅವೂ ಸ್ವಚ್ಛವಾದವು. ಅಷ್ಟು ಚೊಕ್ಕಟದ ರಿಜಿಸ್ಟರ್ ನಾನು ಮತ್ತೆ ಕಂಡಿಲ್ಲ.

ಇಷ್ಟಾದ ಮೇಲೆ ಜ್ಞಾನೋದಯವಾಯಿತು. ಘಟನೆಯನ್ನು ನಂಬಬೇಡ, ಸ್ಥಿತಿಯನ್ನು ಕೇಳು. ಎನ್‌ವಿಎಂಇ ಡ್ರೈವರ್ ಕೂಡ ಕಳಿಸಿದ ಕೋರಿಕೆಗೆ 30 ಸೆಕೆಂಡಾದರೂ ಉತ್ತರ ಬರದಿದ್ದರೆ ಇಂಟರಪ್ಟ್‌ನ ದಾರಿ ಕಾಯುತ್ತಾ ಕೂರುವುದಿಲ್ಲ. ತಾನೇ ಹೋಗಿ ಮುಗಿದ ಕೆಲಸಗಳ ಸಾಲನ್ನು ತಡಕಿ ನೋಡುತ್ತದೆ. ಎಷ್ಟೋ ಸಲ ಕೆಲಸ ಆಗಿರುತ್ತದೆ, ಕೂಗು ಮಾತ್ರ ದಾರಿಯಲ್ಲಿ ಕಳೆದಿರುತ್ತದೆ. ಹಾಗಾಗಿ ನಾನೂ ಡಿಸ್ಕನ್ನೇ ಕೇಳತೊಡಗಿದೆ: ‘ಸಿದ್ಧವಿದ್ದೀಯಾ?’ ಡಿಸ್ಕ್ ‘ಹೌದು’ ಎಂದಿತು.

ಡಿಸ್ಕ್ ಆಗ ಮೇಡಂ ಕೈಯಲ್ಲಿತ್ತು.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇಲ್ಲದ ಸಾಧನದ ರಿಜಿಸ್ಟರ್ ಓದಲು ಹೋದರೆ ಸಾಮಾನ್ಯವಾಗಿ 32 ಬಿಟ್‌ಗಳೂ 1 ಆಗಿ ಬರುತ್ತವೆ. ಎನ್‌ವಿಎಂಇ ಸ್ಟೇಟಸ್‌ನಲ್ಲಿ ಮೊದಲ ಬಿಟ್ 1 ಎಂದರೆ ‘ಸಿದ್ಧ’. ಎರಡನೆಯದು 1 ಎಂದರೆ ‘ಮಾರಣಾಂತಿಕ ದೋಷ’. ಇಲ್ಲದ ಡಿಸ್ಕ್ ಯಾವ ಪ್ರಶ್ನೆಗೂ ಇಲ್ಲವೆನ್ನುವುದಿಲ್ಲ: ಸಿದ್ಧವೇ? ಹೌದು. ಸತ್ತಿದ್ದೀಯಾ? ಹೌದು. ನಾನು ಮೊದಲ ಉತ್ತರಕ್ಕೇ ತೃಪ್ತನಾಗಿ ಎರಡನೆಯದನ್ನು ಕೇಳಿರಲಿಲ್ಲ. ಇಂಥ ‘ಹೌದು ಸಾರ್’ಗಳ ನಡುವೆಯೇ ದಿನವಿಡೀ ಮೀಟಿಂಗ್ ಮಾಡುವವನಿಗೆ ಗುರುತು ಹತ್ತಬೇಕಿತ್ತು.

ಎಲ್ಲ ಬಿಟ್ 1 ಆದರೆ ‘ಡಿಸ್ಕ್ ಇಲ್ಲ’ ಎಂದು ತಿಳಿ ಎಂಬ ಸಾಲೂ ಸೇರಿತು. ಈಗ ಡ್ರೈವರ್ ಸ್ಥಿತಿ ಓದುತ್ತದೆ, ತನ್ನ ನೆನಪಿನ ಜೊತೆ ಹೋಲಿಸುತ್ತದೆ, ವ್ಯತ್ಯಾಸವಿದ್ದರೆ ಮಾತ್ರ ಮೈ ಅಲುಗಿಸುತ್ತದೆ. ಎಳೆ, ಹಾಕು, ಅಲುಗಾಡಿಸು. ಏನು ಮಾಡಿದರೂ ಜಗ್ಗಲಿಲ್ಲ. ಕ್ಯಾಂಟೀನಿನಲ್ಲಿ ಮತ್ತೆ ಮಾತು ಶುರುವಾಯಿತು.

ಆಗ ಮೇಡಂ 7ನೇ ಗೂಡಿನ ಡಿಸ್ಕ್ ಎಳೆದರು. ನನ್ನ ಥ್ರೆಡ್ ಅದರ ಬಾಕಿ ಕೋರಿಕೆಗಳ 30 ಸೆಕೆಂಡ್ ಗಡುವು ಕಾಯುತ್ತಾ ಕೂತಿತ್ತು. ಅಷ್ಟರಲ್ಲಿ ಅವರು ಸಾವಕಾಶವಾಗಿ 8ನೆಯದನ್ನು ಎಳೆದು, ಅದೇ ಗೂಡಿಗೆ ಅದೇ ಮಾದರಿಯ ಬೇರೆ ಡಿಸ್ಕ್ ಹಾಕಿದರು. ಥ್ರೆಡ್ 8ನೆಯದರತ್ತ ತಿರುಗಿ ನೋಡಿತು. ನೆನಪಿನಲ್ಲಿ ‘ಇದೆ’, ಕಣ್ಣೆದುರು ‘ಇದೆ’. ಏನೂ ಆಗಿಲ್ಲವೆಂದು ನಿಶ್ಚಿಂತೆಯಾಗಿ, ಹಳೆಯ ಡಿಸ್ಕ್‌ಗೆ ಸಲ್ಲಬೇಕಾದ ಬರಹವನ್ನು ಹೊಸದರ ಮೇಲೆ ಬರೆಯಲು ಸಿದ್ಧವಾಯಿತು. ಏನೋ ನಡೆದಿದೆ ಎಂದು ಹೇಳಲು ಇದ್ದ ಏಕೈಕ ಸಾಕ್ಷಿ ಆ ಘಟನೆಯ ಬಿಟ್. ಜ್ಞಾನೋದಯದ ಭರದಲ್ಲಿ ಅದನ್ನು ನಾನೇ ಗುಡಿಸಿದ್ದೆ.

ಪುರುಸೊತ್ತಿನವರ ಕೋಡನ್ನು ಈ ಸಲ ಕೂತು ಓದಿದೆ. ಬದಲಾವಣೆಯ ಸುದ್ದಿ ಬಂತೆಂದರೆ ಅದು ಸ್ಲಾಟನ್ನು ಮೊದಲು ಇಳಿಸುತ್ತದೆ, ಅಲ್ಲಿ ಈಗ ಕಾರ್ಡ್ ಇದ್ದರೂ ಕೂಡ. ಮತ್ತೆ ತುಂಬಿದೆಯೆಂದ ಮಾತ್ರಕ್ಕೆ ಅದೇ ಕಾರ್ಡ್ ಎಂದುಕೊಳ್ಳುವಂತಿಲ್ಲ ಎಂದು ಟಿಪ್ಪಣಿಯೇ ಇದೆ. ಆಮೇಲೆ, ಏನಾದರೂ ಇದ್ದರೆ, ಹೊಸದಾಗಿ ಏರಿಸುತ್ತದೆ. ಹಾಗೇ ಮಾಡಿದೆ. ಡಿಸ್ಕ್‌ನ ಸೀರಿಯಲ್ ನಂಬರ್ ಓದಿ ಗೂಡಿನ ಎದುರು ಬರೆದಿಡುವ ಏರ್ಪಾಡೂ ಆಯಿತು.

ಟಿಕೆಟ್ ಮುಚ್ಚಿ ಬ್ಯಾಗ್ ಹೆಗಲಿಗೇರಿಸುವಾಗ ಮೇಡಂ ಬಂದರು. “ಸರ, 3ನೇ ಗೂಡಿಂದು 9ಕ್ಕ, 9ನೇದು 3ಕ್ಕ ಹಾಕಿದ್ರ ಏನಾಗ್ತದ?”

“ಯಾರು ಹಾಗೆಲ್ಲ ಮಾಡ್ತಾರೆ ಮೇಡಂ?”

“ಮಾಡೇ ಬಂದೀನ್ರಿ.”