ಓಪೇರ್ ಲಕ್ಷಣಸಂಗ್ರಹ

ಲಕ್ಷಣ ಹೇಳದೆ ಶಾಸ್ತ್ರಕ್ಕೆ ಕೈಹಾಕಬಾರದು ಎಂಬುದು ನೈಯಾಯಿಕರ ಕಟ್ಟಪ್ಪಣೆ. ಅದರಂತೆ ಮೊದಲು ಲಕ್ಷಣ: ಪರದೇಶದಲ್ಲಿ ಒಂದು ಮನೆಯಲ್ಲಿದ್ದುಕೊಂಡು, ಅಲ್ಲಿನ ಮಕ್ಕಳನ್ನು ನೋಡಿಕೊಂಡು, ಚೂರುಪಾರು ಮನೆಗೆಲಸ ಮಾಡಿಕೊಂಡು ಇರುವವಳು ಓಪೇರ್. ಹೇಳಿ ಮುಗಿಸುವಷ್ಟರಲ್ಲಿ ಅತಿವ್ಯಾಪ್ತಿ ದೋಷ ಬಂದು ಕೂತಿತು. ಮದುವೆಯಾಗಿ ಅಮೆರಿಕಕ್ಕೆ ಹೋದ ಸೊಸೆಗೂ ಈ ಲಕ್ಷಣ ಒಪ್ಪುತ್ತದೆ. ‘ಒಂದು ವರ್ಷಕ್ಕೆ ಮೀರದಂತೆ’ ಎಂದು ಸೇರಿಸಿದರೆ ಸೊಸೆ ಆಚೆ ಹೋಗುತ್ತಾಳೆ, ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದ ಅಜ್ಜಿ ಒಳಗೆ ಬರುತ್ತಾರೆ. ‘ಕೈಖರ್ಚಿಗೆ ಗೊತ್ತಾದ ಹಣ ಪಡೆದು’ ಎಂದು ಸೇರಿಸಿದ ಮೇಲೆ ಅಜ್ಜಿಯೂ ಹೊರಬಿದ್ದು ಲಕ್ಷಣ ಶುದ್ಧವಾಯಿತು. ಓಪೇರ್‌ಗಳಲ್ಲಿ ಹುಡುಗರೂ ಉಂಟು, ಆದರೆ ವಿರಳ. ಶಾಸ್ತ್ರ ಹೆಚ್ಚಿನವರನ್ನು ಅನುಸರಿಸಿ ‘ಅವಳು’ ಎನ್ನುತ್ತದೆ.

ಯೂರೋಪಿನ ಪಂಡಿತರೂ ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. 1969ರ ನವೆಂಬರ್ 24ರಂದು ಕೌನ್ಸಿಲ್ ಆಫ್ ಯೂರೋಪ್ ಸ್ಟ್ರಾಸ್‌ಬೋರ್ಗ್‌ನಲ್ಲಿ ಓಪೇರ್ ಒಪ್ಪಂದವನ್ನು ಸಹಿಗೆ ಇಟ್ಟಾಗ, ಪೀಠಿಕೆಯಲ್ಲೇ ಕೈಚೆಲ್ಲಿತು: ಓಪೇರ್‌ಗಳು ವಿದ್ಯಾರ್ಥಿ ವರ್ಗಕ್ಕೆ ಸೇರಿದವರಲ್ಲ, ಕೆಲಸಗಾರರ ವರ್ಗಕ್ಕೂ ಸೇರಿದವರಲ್ಲ, ಎರಡರ ಗುಣವೂ ಇರುವ ಬೇರೆಯೇ ವರ್ಗ. ನಮ್ಮವರಿಗೆ ಇದು ಹೊಸದಲ್ಲ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ ಎನ್ನುವ ಹೊತ್ತಿನಲ್ಲಿ ಹೊಸ್ತಿಲ ಮೇಲೆ ಕೂತ ನರಸಿಂಹನ ಜಾತಿ ಅದು. ವ್ಯತ್ಯಾಸ ಇಷ್ಟೇ, ನರಸಿಂಹನಿಗೆ ಉಗುರಿದ್ದವು.

ಈ ಗ್ರಂಥಕರ್ತ್ರಿ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಆ ಹೊಸ್ತಿಲ ಮೇಲೆ ಕೂತಿದ್ದವಳಾದ್ದರಿಂದ ಇಲ್ಲಿನ ವರ್ಗೀಕರಣಕ್ಕೆ ಜರ್ಮನಿಯೇ ಕ್ಷೇತ್ರ. ಮಿಕ್ಕ ದೇಶಗಳದ್ದು ಸಂಕ್ಷೇಪವಾಗಿ. ಬ್ರಿಟನ್ 2008ರಲ್ಲಿ ಓಪೇರ್ ವೀಸಾ ವರ್ಗವನ್ನೇ ಎತ್ತಿಹಾಕಿತು. ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ, ವೀಸಾ ಇಲ್ಲದೆ ಬರುತ್ತಿದ್ದ ಫ್ರಾನ್ಸ್, ಸ್ಪೇನ್ ಕಡೆಯ ಹುಡುಗಿಯರ ದಾರಿಯೂ ಮುಚ್ಚಿತು. ನಾರ್ವೆಯಲ್ಲಿ, ಇದು ಸಂಸ್ಕೃತಿ ವಿನಿಮಯದ ಹೆಸರಿನ ಅಗ್ಗದ ಮನೆಗೆಲಸ ಎಂಬ ಟೀಕೆ ವರ್ಷಗಟ್ಟಲೆ ನಡೆದು, 2024ರಲ್ಲಿ ವ್ಯವಸ್ಥೆಯೇ ನಿಂತಿತು. ಫ್ರಾನ್ಸಿನಲ್ಲಿ ವಾರಕ್ಕೆ 25 ಗಂಟೆ ಕೆಲಸ. ಅಮೆರಿಕದಲ್ಲಿ 45 ಗಂಟೆ, ವಾರಕ್ಕೆ ಕನಿಷ್ಠ 195 ಡಾಲರ್ 75 ಸೆಂಟ್. ಈ 75 ಸೆಂಟ್ ಎಲ್ಲಿಂದ ಬಂತು ಎನ್ನುವವರಿಗೆ ಭಾಷ್ಯ: ಗಂಟೆಗೆ 7.25 ಡಾಲರಿನ ಕನಿಷ್ಠ ಕೂಲಿಯನ್ನು 45ರಿಂದ ಗುಣಿಸಿ, ಊಟ ವಸತಿಗೆಂದು ಶೇಕಡಾ 40 ಮುರಿದುಕೊಂಡರೆ ಉಳಿಯುವುದು ಅಷ್ಟೇ. ಕೂಲಿ ಎನ್ನಬಾರದಂತೆ, ಸ್ಟೈಪೆಂಡ್ ಎನ್ನಬೇಕಂತೆ. ಲೆಕ್ಕ ಮಾತ್ರ ಕೂಲಿಯದ್ದೇ.

ಜರ್ಮನಿಯ ವಿಧಿ-ನಿಷೇಧಗಳು ಧರ್ಮಶಾಸ್ತ್ರವನ್ನು ನಾಚಿಸುವಂತಿವೆ. ವಯಸ್ಸು 18 ತುಂಬಿರಬೇಕು, ಅರ್ಜಿ ಹಾಕುವಾಗ 27 ಆಗಿರಬಾರದು. ವಾರಕ್ಕೆ 30 ಗಂಟೆ, ದಿನಕ್ಕೆ ಆರು ದಾಟಬಾರದು. ತಿಂಗಳಿಗೆ 280 ಯೂರೋ ಕೈಖರ್ಚು, ಭಾಷಾ ತರಗತಿಗೆ 70 ಯೂರೋ, ವಿಮೆ ಮನೆಯವರದು. ವಾರದಲ್ಲಿ ಒಂದೂವರೆ ದಿನ ಮತ್ತು ನಾಲ್ಕು ಸಂಜೆ ಬಿಡುವು. ತಿಂಗಳಿಗೆ ಒಂದಾದರೂ ಭಾನುವಾರ ಪೂರ್ತಿ ಅವಳದು. ಮನೆಯೊಳಗೇ ಕಿಟಕಿ ಇರುವ ಸ್ವಂತ ಕೋಣೆ ಕೊಡಬೇಕು, ಎಂಟು ಚದರ ಮೀಟರಿಗೆ ಕಡಿಮೆ ಇರಬಾರದು. ಮನೆಮಾತು ಜರ್ಮನ್ ಆಗಿರಬೇಕು, ಮನೆಯವರು ಓಪೇರಿನ ದೇಶದ ಮೂಲದವರಾಗಿರಬಾರದು. ಮ್ಯೂನಿಕ್‌ನಲ್ಲಿರುವ ನಮ್ಮ ಐಟಿ ದಂಪತಿ ‘ನಮ್ಮ ಕಡೆ ಹುಡುಗಿ, ಸಾರು-ಪಲ್ಯ ಬರುತ್ತೆ’ ಎಂದು ದಾವಣಗೆರೆಯಿಂದ ಒಬ್ಬಳನ್ನು ಕರೆಸಿಕೊಳ್ಳುವ ಆಸೆಗೆ ಈ ಒಂದು ವಾಕ್ಯ ಮಣ್ಣು ಹಾಕಿದೆ. ಕಾನೂನು ಬರೆದವರಿಗೆ ನಮ್ಮ ಪರಿಚಯ ಚೆನ್ನಾಗಿಯೇ ಇದ್ದಂತಿದೆ.

ಹೊರಡುವ ಮೊದಲು ಎರಡು ಪರೀಕ್ಷೆ. ಎ1 ಮಟ್ಟದ ಜರ್ಮನ್ ಒಂದು, ಅದನ್ನು ಬೆಂಗಳೂರಿನವರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮುಗಿಸಿಕೊಳ್ಳುತ್ತಾರೆ. ಎರಡನೆಯದು ದೊಡ್ಡಮ್ಮನದು: ‘ಡಿಗ್ರಿ ಮಾಡಿ ಕಂಡೋರ ಮಕ್ಕಳ ಮೂಗು ಒರೆಸೋಕೆ ಹೋಗ್ತಾಳಂತೆ.’ ಇದಕ್ಕೆ ಸರ್ಟಿಫಿಕೇಟು ಕೊಡುವ ಸಂಸ್ಥೆ ಇಲ್ಲ.

ಇನ್ನು ಆತಿಥೇಯ ಪ್ರಕರಣ. ಹಿಂದಿನವರು ಕುಟುಂಬಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡಾಗಿ ಸೀಳಿ ಕೈತೊಳೆದುಕೊಂಡಿದ್ದಾರೆ. ಸೋಮಾರಿ ವಿಭಾಗ ಅದು. ಬಲ್ಲವರ ಪ್ರಕಾರ ಮೊದಲನೆಯದು ಕೋಷ್ಟಕ ಕುಟುಂಬ. ಫ್ರಿಜ್ಜಿನ ಬಾಗಿಲಿಗೆ ವಾರದ ಪಟ್ಟಿ. ಅಮ್ಮನಿಗೆ ಹಸಿರು, ಅಪ್ಪನಿಗೆ ನೀಲಿ, ಓಪೇರಿಗೆ ಕಿತ್ತಳೆ ಬಣ್ಣ. ಮೊದಲ ವಾರ ಇದು ಜೈಲಿನಂತೆ ಕಾಣುತ್ತದೆ. ಚಳಿಗಾಲ ಬರುವ ಹೊತ್ತಿಗೆ ಇದೇ ರಾಮರಾಜ್ಯ ಎಂದು ಗೊತ್ತಾಗುತ್ತದೆ, ಯಾಕೆಂದರೆ ಕಿತ್ತಳೆ ಬಣ್ಣ ಆರು ಗಂಟೆಗೆ ನಿಲ್ಲುತ್ತದೆ. ಎರಡನೆಯದು ಮಮಕಾರ ಕುಟುಂಬ. ಇಲ್ಲಿ ಪಟ್ಟಿಯಿಲ್ಲ, ಬಣ್ಣವಿಲ್ಲ, ‘ನೀನು ನಮ್ಮ ಮನೆಯವಳೇ’ ಎಂಬ ಅಪ್ಪುಗೆಯಿದೆ. ಮನೆಮಗಳು ಗಂಟೆ ಎಣಿಸುವುದುಂಟೆ? ಮೂರನೆಯದು ಇಂಗ್ಲಿಷ್ ಕುಟುಂಬ: ಕಾಗದದಲ್ಲಿ ಜರ್ಮನ್, ಮನೆಯಲ್ಲಿ ‘ಮಕ್ಕಳ ಜೊತೆ ಇಂಗ್ಲಿಷೇ ಮಾತಾಡು, ಅವರಿಗೂ ಬರಲಿ’. ಇಂಥ ಮನೆಯ ಓಪೇರಿನ ಜರ್ಮನ್ ವರ್ಷ ಕಳೆದರೂ ಬೇಕರಿಯ ಕೌಂಟರ್ ದಾಟುವುದಿಲ್ಲ. ಭಾರತಪ್ರಿಯ ಎಂಬ ಉಪಪ್ರಭೇದವೂ ಒಂದಿದೆ. ಬಾತ್‌ರೂಮಿನಲ್ಲಿ ಬುದ್ಧನ ಮೂರ್ತಿ ಇಟ್ಟಿರುತ್ತಾರೆ, ಹುಬ್ಬಳ್ಳಿಯಲ್ಲಿ ಬಿಕಾಂ ಮಾಡಿ ಬಂದವಳಿಗೆ ಯೋಗ ಹುಟ್ಟಿನಿಂದ ಬರುತ್ತದೆ ಎಂದು ನಂಬಿರುತ್ತಾರೆ. ನಿರಪಾಯಕಾರಿ ಜೀವಿಗಳು. ಇಂಗಿನ ಒಗ್ಗರಣೆಯ ವಾಸನೆಗೆ ಕಿಟಕಿ ತೆರೆಯುತ್ತಾರೆ, ಆದರೆ ಕ್ಷಮೆ ಕೇಳಿ ತೆರೆಯುತ್ತಾರೆ.

ಈ ವಿಭಾಗ ಚೆಂದವಾಗಿದ್ದರೂ ತಿರುಳು ಇಲ್ಲಿಲ್ಲ. ಅದೇ ಮನೆ ಬೆಳಿಗ್ಗೆ ಒಂದು ಜಾತಿ, ಸಂಜೆ ಇನ್ನೊಂದು. ತುರ್ತು ಬಂದಾಗ ಓಪೇರ್ ಮನೆಯವಳು, ಅತಿಥಿಗಳು ಬಂದಾಗ ‘ನಮ್ಮ ಓಪೇರ್’, ಸಂಬಳದ ಮಾತು ಬಂದಾಗ ಸಂಸ್ಕೃತಿ ವಿನಿಮಯಕ್ಕೆ ಬಂದ ಅತಿಥಿ. ಅವಳು ಯಾರು ಎಂಬುದನ್ನು ಗಡಿಯಾರ ನೋಡಿ ಹೇಳಬೇಕು. ಹಾಗಾಗಿ ಕಾಲಪ್ರಕರಣವೇ ಈ ಶಾಸ್ತ್ರದ ಗರ್ಭಗುಡಿ.

ಕಾಲ ಮೂರು ವಿಧ. ಪಟ್ಟಿಯಲ್ಲಿರುವುದು ವಿಹಿತ ಕಾಲ: ಬೆಳಿಗ್ಗೆ ತಿಂಡಿ ಡಬ್ಬಿ ತುಂಬಿ, ಮಣ್ಣಾಟದ ರಬ್ಬರ್ ಪ್ಯಾಂಟು ಏರಿಸಿ ಕಿಂಡರ್‌ಗಾರ್ಟನ್‌ಗೆ ಬಿಡುವುದು, ಮಧ್ಯಾಹ್ನ ಕರೆತರುವುದು. ಇದರಲ್ಲಿ ತಕರಾರಿಲ್ಲ. ವಿಹಿತ ಕಾಲದ ಬಾಲ ಹಿಡಿದು ಬರುವುದು ಅನುಷಂಗ ಕಾಲ. ಆರು ಗಂಟೆಗೆ ತಾಯಿ ಬಾಗಿಲು ತೆಗೆದು ಒಳಬರುತ್ತಾಳೆ, ಕೋಟು ಇನ್ನೂ ಮೈಮೇಲೆ, ಕಿವಿಯಲ್ಲಿ ಫೋನು. ಎರಡು ಬೆರಳೆತ್ತಿ ತೋರಿಸುತ್ತಾಳೆ: ಎರಡೇ ನಿಮಿಷ. ಮಗು ಓಪೇರಿನ ಕಾಲು ತಬ್ಬಿಕೊಂಡಿದೆ. ಆ ಎರಡು ಬೆರಳಿನ ನಿಮಿಷಗಳನ್ನು ವರ್ಷಪೂರ್ತಿ ಕೂಡಿಸಿದರೆ ಎಷ್ಟಾಗುತ್ತದೆ ಎಂದು ಯಾವ ಕೋಷ್ಟಕವೂ ಹೇಳುವುದಿಲ್ಲ.

ಮೂರನೆಯದು ಪ್ರಚ್ಛನ್ನ ಕಾಲ, ಅಂದರೆ ಬಿಡುವಿನ ವೇಷ ಹಾಕಿದ ಕೆಲಸ. ಇದಕ್ಕೆ ಉತ್ತಮ ಉದಾಹರಣೆ ರಾತ್ರಿಯ ಊಟ. ಜರ್ಮನರ ಮನೆಯಲ್ಲಿ ಅದು ಒಲೆ ಹಚ್ಚದ ಊಟ: ಬ್ರೆಡ್ಡು, ಚೀಸು, ಬೆಣ್ಣೆ, ಹೆಚ್ಚಿದ ಸೌತೆಕಾಯಿ, ದಪ್ಪ ಮೆಣಸಿನಕಾಯಿ. ಪೂರ್ವಪಕ್ಷದವರ ವಾದ, ಒಟ್ಟಿಗೆ ಕೂತು ಉಣ್ಣುವುದು ಕುಟುಂಬದ ಹೊತ್ತು, ಅದನ್ನು ಗಂಟೆಗೆ ಸೇರಿಸುವುದು ಅಸಭ್ಯ. ಉತ್ತರಪಕ್ಷ ಕೇಳುತ್ತದೆ, ಸರಿ, ಓಪೇರಿನ ಕುರ್ಚಿ ಯಾವಾಗಲೂ ಮೂರು ವರ್ಷದ ಮಗುವಿನ ಪಕ್ಕದಲ್ಲೇ ಏಕಿದೆ? ಅವಳು ತನ್ನ ಬ್ರೆಡ್ಡಿಗೆ ಮೊದಲೋ ಮಗುವಿನ ಬ್ರೆಡ್ಡಿಗೆ ಮೊದಲೋ ಬೆಣ್ಣೆ ಸವರುವುದು? ಇಷ್ಟರಲ್ಲಿ ಹಾಲಿನ ಲೋಟ ಉರುಳುತ್ತದೆ. ಅರೆಕ್ಷಣ ಎಲ್ಲರೂ ಸುಮ್ಮನಿರುತ್ತಾರೆ. ಅಪ್ಪ ಅಮ್ಮನನ್ನು ನೋಡುತ್ತಾನೆ, ಅಮ್ಮ ಬಟ್ಟೆ ಇರುವ ಕಡೆ ನೋಡುತ್ತಾಳೆ, ಅಷ್ಟರಲ್ಲಿ ಒಬ್ಬರು ಎದ್ದಾಗಿರುತ್ತದೆ. ಸಿದ್ಧಾಂತ: ಹಾಲು ಚೆಲ್ಲಿದಾಗ ಎದ್ದವರು ಕೆಲಸದ ಮೇಲಿದ್ದಾರೆ. ತಂದೆ ತಾನೇ ಎದ್ದು ಒರೆಸುವ ಮನೆಗಳಿವೆ, ಗ್ರಂಥಕರ್ತ್ರಿ ಕಂಡಿದ್ದಾಳೆ. ಅವುಗಳಿಗೆ ಪ್ರತ್ಯೇಕ ಪ್ರಭೇದ ಕಲ್ಪಿಸದೆ ನಮಸ್ಕಾರ ಮಾಡಿ ಮುಂದೆ ಹೋಗುವುದು ಲೇಸು.

ಭಾನುವಾರದ್ದು ಇನ್ನೂ ಸೂಕ್ಷ್ಮ. ಅಂಗಡಿ ಮುಚ್ಚಿರುತ್ತವೆ, ಹಳ್ಳಿಯಾದರೆ ಬಸ್ಸು ಕಡಿಮೆ. ಎಂಟು ಚದರ ಮೀಟರಿನ ಕೋಣೆಯಲ್ಲಿ ಕೂತ ಓಪೇರ್ ನೀರಿಗೆಂದು ಕೆಳಗಿಳಿದರೆ ಅಡುಗೆಮನೆಯಲ್ಲಿ ಮಕ್ಕಳು. ಕಣ್ಣಿಗೆ ಬಿದ್ದಳೋ, ಬಿಡುವು ಮುಗಿಯಿತು. ಬಲ್ಲವರು ಶನಿವಾರ ರಾತ್ರಿಯೇ ನೀರಿನ ಬಾಟಲಿ, ಬಿಸ್ಕತ್ತು, ಎರಡು ಬಾಳೆಹಣ್ಣು ಕೋಣೆಗೆ ಸೇರಿಸಿಕೊಳ್ಳುತ್ತಾರೆ. ಮುತ್ತಿಗೆ ಬಿದ್ದ ಕೋಟೆಗೂ ಇದೇ ನೀತಿ.

ಸ್ಟುಟ್‌ಗಾರ್ಟ್ ಸೀಮೆಗೆ ಮಾತ್ರ ಸಲ್ಲುವ ಒಂದು ಪ್ರಮಾಣ ಕೇರ್‌ವೋಖೆ, ಗುಡಿಸುವ ಪಾಳಿ. ಅಪಾರ್ಟ್‌ಮೆಂಟಿನ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದವರ ಬಾಗಿಲಿಗೆ ಹಲಗೆಯೊಂದು ನೇತುಬೀಳುತ್ತದೆ, ಮುಗಿದ ಮೇಲೆ ಅದನ್ನು ಪಕ್ಕದ ಬಾಗಿಲಿಗೆ ಸಿಕ್ಕಿಸಬೇಕು. ಈಗ ಪ್ರಶ್ನೆ: ಹಲಗೆ ಬಿದ್ದ ವಾರ ಪೊರಕೆ ಯಾರ ಕೈಯಲ್ಲಿ? ಮೆಟ್ಟಿಲು ಮನೆಯ ಒಳಗೋ ಹೊರಗೋ? ಇದು ಲಘು ಮನೆಗೆಲಸವೋ, ಊರಿನ ಕೆಲಸವೋ? ಓಪೇರ್‌ಗಳು ಭಾಷಾ ತರಗತಿಯ ಬಿಡುವಿನಲ್ಲಿ ಈ ಬಗ್ಗೆ ನಡೆಸುವ ಚರ್ಚೆಗೆ ಮಂಡನಮಿಶ್ರರ ಗಿಣಿಗಳೂ ಕಿವಿಗೊಡಬೇಕು. ಜಾರ್ಜಿಯಾದವಳು ಗುಡಿಸುವುದಿಲ್ಲ ಎಂದೇ ಹೇಳಿಬಿಟ್ಟಿದ್ದಳು, ಕೊಲಂಬಿಯಾದವಳು ಕೇಳಿದ ಕೂಡಲೇ ಗುಡಿಸುತ್ತಿದ್ದಳು. ನಮ್ಮವಳು ಕೇಳುವ ಮೊದಲೇ ಗುಡಿಸಿ, ಯಾಕೆ ಗುಡಿಸಿದೆ ಎಂದು ರಾತ್ರಿ ಅಳುತ್ತಿದ್ದಳು.

ಈ ವಿದ್ಯೆಯಲ್ಲಿ ನಮ್ಮವರಿಗೆ ಬಾಲ್ಯದ ತರಬೇತಿ ಇದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಇಂಗ್ಲಿಷ್ ಮೀಡಿಯಂ ಓದಿ ಎ1 ಪಾಸು ಮಾಡುವ ಹುಡುಗಿಯ ಮನೆಗೆ ಬೆಳಿಗ್ಗೆ ಪಾತ್ರೆ ತಿಕ್ಕಲು ಒಬ್ಬರು ಬರುತ್ತಾರೆ. ಅವರ ಕಾಫಿಯ ಲೋಟ ಸಿಂಕಿನ ಹಿಂದೆ, ಕಿಟಕಿಯ ಸರಳಿನ ಬುಡದಲ್ಲಿ, ಬೋರಲು ಬಿದ್ದಿರುತ್ತದೆ. ಅಂಚು ಸ್ವಲ್ಪ ನೆಗ್ಗಿದ ಸ್ಟೀಲು ಲೋಟ. ದೀಪಾವಳಿಗೆ ಸೀರೆ ಕೊಡುತ್ತಾರೆ, ನೆಂಟರಿಗೆ ‘ಮನೆಯವಳ ಹಾಗೇ ಇದ್ದಾಳೆ’ ಎಂದು ಹೇಳುತ್ತಾರೆ, ಲೋಟ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಇಂಥ ಅಡುಗೆಮನೆಯಿಂದ ಹೋದವಳು ಜರ್ಮನ್ ಅಡುಗೆಮನೆಯಲ್ಲಿ ಮೊದಲ ದಿನ ಹುಡುಕುವುದು ತನ್ನ ಲೋಟವನ್ನೇ. ಯಾವುದಾದರೂ ತಗೋ ಎನ್ನುತ್ತಾಳೆ ಮನೆಯಾಕೆ, ನಿಜವಾಗಿಯೇ ಹಾಗೆ ಹೇಳುತ್ತಾಳೆ. ಆದರೂ ಕೈ ಹೋಗುವುದು ಹಿಂದಿನ ಸಾಲಿನ, ಬಾಯಿ ಚಕ್ಕೆ ಎದ್ದ ಮಗ್ಗಿಗೆ. ಆ ಮನೆಯವರು ಅವಳನ್ನು ಇನ್ನೂ ಯಾವ ವರ್ಗಕ್ಕೂ ಹಾಕಿರಲಿಲ್ಲ, ಅವಳೇ ಹಾಕಿಕೊಂಡಳು. ಮನೆಯಾಕೆಯನ್ನು ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ‘ಹಲೋ’ ಎಂದೇ ತಿಂಗಳು ತಳ್ಳುವುದೂ ಇದೇ ರೋಗದ ಲಕ್ಷಣ. ಆಂಟಿ ಎನ್ನುವ ಸೌಕರ್ಯ ಆ ಭಾಷೆಯಲ್ಲಿಲ್ಲ.

ಮಕ್ಕಳನ್ನು ವರ್ಗೀಕರಿಸುವುದು ವ್ಯರ್ಥ. ಒಂದೇ ಮಾತು: ಓಪೇರನ್ನು ನಿಜಕ್ಕೂ ಸಮಾನಳಾಗಿ ಕಾಣುವವರು ಅವರೊಬ್ಬರೇ. ಜರ್ಮನ್ ನಾಮಪದಗಳ ಲಿಂಗ ಹೇಳುವ ಡೆರ್, ಡಿ, ಡಾಸ್ ತಪ್ಪಿದರೆ ದೊಡ್ಡವರು ಮುಗುಳ್ನಕ್ಕು ಬಿಡುತ್ತಾರೆ. ಮೂರು ವರ್ಷದ್ದು ಮಾತು ನಿಲ್ಲಿಸಿ, ತಿದ್ದಿ, ಮತ್ತೆ ಹೇಳಿಸಿ, ಆಮೇಲೆ ಕಥೆ ಮುಂದುವರಿಸುತ್ತದೆ. 70 ಯೂರೋದ ತರಗತಿಯಲ್ಲಿ ಇಂಥ ಗುರು ಸಿಗುವುದಿಲ್ಲ.

ಮನೆ ಕೂಡಿಬರದಿದ್ದರೆ ನಡುವೆಯೇ ಇನ್ನೊಂದು ಮನೆ ಹುಡುಕಿಕೊಳ್ಳಬಹುದು, ಓಪೇರ್‌ಗಳ ಮಾತಿನಲ್ಲಿ ಅದು ರೀಮ್ಯಾಚ್. ವರ್ಷ ಮುಗಿಸಿ ಮರಳಿದವಳು ಜರ್ಮನಿಗೆ ಎರಡನೇ ಸಲ ಓಪೇರ್ ಆಗಿ ಬರುವಂತಿಲ್ಲ. ಹಾಗಾಗಿ ವರ್ಷದ ಕೊನೆಗೆ ಮೂರು ಗತಿ. ಕೆಲವರು ಊರಿಗೆ ಮರಳುತ್ತಾರೆ. ಕೆಲವರು ಸ್ವಯಂಸೇವೆಯ ವರ್ಷವೊಂದಕ್ಕೆ ಸೇರಿ ವೃದ್ಧಾಶ್ರಮದಲ್ಲೋ ಶಾಲೆಯಲ್ಲೋ ಇರುತ್ತಾರೆ. ಮಿಕ್ಕವರು ನರ್ಸಿಂಗ್ ತರಬೇತಿ ಹಿಡಿಯುತ್ತಾರೆ: ಮೂರು ವರ್ಷ, ಮೊದಲ ವರ್ಷದಿಂದಲೇ ತಿಂಗಳಿಗೆ ಸಾವಿರ ಯೂರೋ ದಾಟುವ ಭತ್ಯೆ, ಆದರೆ ಜರ್ಮನ್ ಗಟ್ಟಿಯಾಗಿ ಬರಬೇಕು. ಇಂಗ್ಲಿಷ್ ಕುಟುಂಬದ ಋಣ ಅವರಿಗೆ ಅಲ್ಲಿ ಅಡ್ಡಬರುತ್ತದೆ. ದಾಟಿಕೊಂಡವರಿಗೆ ಪಾಳಿಯ ಗಂಟೆ ಬರೆದಿಡಲು ರಿಜಿಸ್ಟರಿದೆ, ಹೆಚ್ಚು ನಿಂತರೆ ಲೆಕ್ಕವಿದೆ, ಹಾಲು ಚೆಲ್ಲಿದರೆ ಒರೆಸುವುದು ಯಾರ ಪಾಲು ಎಂದು ಮೊದಲೇ ಗೊತ್ತಿದೆ. ಅಂಥವರು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.